ಬಸ್ಸಿನಲ್ಲಿ ಕಲಿತ ಕ್ವೆರಿ

ನಮ್ಮ ಕಂಪನಿ ಇರುವುದು ಚಿತ್ರದುರ್ಗದಲ್ಲಿ, ಆಸ್ಪತ್ರೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಅಲ್ಲಿನ ಟ್ರೈನಿಂಗ್ ವಿಡಿಯೋ ನೋಡಿ ನನಗೆ ನಿದ್ದೆ ಬಂದಿದ್ದೇ ಬಂತು. ಕೆಲಸ ಕಲಿತದ್ದು ಮಾತ್ರ ಹೊಳಲ್ಕೆರೆಯಿಂದ ಹೋಗುವ ಬೆಳಗಿನ ಬಸ್ಸಿನಲ್ಲಿ. ನಮ್ಮ ಆಫೀಸಿನವರೇ ಆರೇಳು ಜನ ಅದರಲ್ಲಿ ಬರುತ್ತಿದ್ದೆವು. ಗೊತ್ತಿಲ್ಲದವರು ಕೇಳುವುದು, ಗೊತ್ತಿದ್ದವರು ಹೇಳುವುದು. ಬಸ್ಸಿನಲ್ಲಿ ದಡ್ಡರಾಗಲು ಯಾರಿಗೂ ನಾಚಿಕೆ ಇರಲಿಲ್ಲ.

ನಾನು ಹತ್ತುವ ಹೊಳಲ್ಕೆರೆಗಿಂತ ಮೊದಲೇ, ಚಿಕ್ಕಜಾಜೂರಿನಲ್ಲೇ ಹತ್ತುವ ಸಹೋದ್ಯೋಗಿಯೊಬ್ಬಳು ವೇಲ್ ಹಾಕಿ ನನಗೊಂದು ಸೀಟು ಹಿಡಿದಿರುತ್ತಿದ್ದಳು. ನನಗಿಂತ ಚಿಕ್ಕವಳು, ಕೆಲಸದಲ್ಲಿ ಚುರುಕು. ಟೀಮ್ ಲೀಡ್ ಹುದ್ದೆ ಖಾಲಿಯಾದಾಗ ಸಂದರ್ಶನಕ್ಕೆ ಕರೆದದ್ದು ನಮ್ಮಿಬ್ಬರನ್ನೇ. ನನಗೆ ಆ ಹುದ್ದೆ ಬೇಕೇ ಬೇಕಿತ್ತು. ಆದರೆ ರಾಶಿ ದಾಖಲೆಗಳಿಂದ ಬೇಕಾದ್ದನ್ನು ಹೆಕ್ಕಿ ತೆಗೆಯುವ ಕ್ವೆರಿ ಬರೆಯುವುದೆಂದರೆ ನನಗೆ ಕಬ್ಬಿಣದ ಕಡಲೆ. ಸಂದರ್ಶನದ ದಿನ ಬೆಳಗ್ಗೆ ಬಸ್ಸಿನಲ್ಲಿ ಅವಳನ್ನು ಕೇಳಲು ಬಾಯಿ ಬರಲಿಲ್ಲ. ಎದುರಾಳಿಯನ್ನು ಹೇಗೆ ಕೇಳುವುದು?

ಅವಳೇ ಲ್ಯಾಪ್‌ಟಾಪ್ ತೆಗೆದಳು. “ಎರಡು ಟೇಬಲ್ ಜೋಡ್ಸೋದು ಕೇಳೇ ಕೇಳ್ತಾರೆ, ನೋಡ್ಕಳ್ರಿ ಅಕ್ಕ. ಮದುವೆಗೆ ಹೆಣ್ಣಿನ ಕಡೇದೊಂದು ಪಟ್ಟಿ, ಗಂಡಿನ ಕಡೇದೊಂದು ಪಟ್ಟಿ ಅವೆ ಅನ್ಕಳ್ರಿ. ಎರಡರಾಗೂ ಇರೋರ್ನ ಮಾತ್ರ ತೆಗೀಬೇಕು. ಅಷ್ಟೇ.”

“ನಮ್ಮ ಕಡೆ ಮದುವೇಲಿ ಎಲ್ರೂ ಎರಡು ಕಡೆಗೂ ಬೇಕಾದೋರೇ ಕಣೇ,” ಎಂದೆ. ಇಬ್ಬರೂ ನಕ್ಕೆವು.

ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಬಹಳ ದಿನ ಬರುವುದಿಲ್ಲ ಅನ್ನುತ್ತಾರೆ. ನನಗೆ ಬೇಕಿದ್ದದ್ದು ಮಧ್ಯಾಹ್ನದವರೆಗೆ ಮಾತ್ರ, ಅಷ್ಟಕ್ಕೆ ಬಂತು. ಅದನ್ನೇ ಕೇಳಿದರು. ಅನುಭವ ಹೆಚ್ಚೆಂದು ಹುದ್ದೆಯನ್ನು ನನಗೇ ಕೊಟ್ಟರು.

ಮರುದಿನವೂ ಸೀಟು ಹಿಡಿದಿದ್ದಳು. ನಾನು ಹತ್ತಿದ ಕೂಡಲೇ ಎದ್ದು, “ಕುಂತ್ಕಳ್ರಿ ಮೇಡಂ,” ಎಂದು ಹಿಂದೆ, ಉಳಿದವರ ಹತ್ತಿರ ಹೋದಳು. ಮುನಿಸೇನೂ ಇರಲಿಲ್ಲ, ನಗುತ್ತಲೇ ಹೋದಳು. ಇನ್ನು ಮೇಲೆ ಅವರೆಲ್ಲರ ಕೆಲಸಕ್ಕೆ ಅಂಕ ಹಾಕುವವಳು ನಾನು. ಅಂಕ ಹಾಕುವವಳ ಮುಂದೆ ಗೊತ್ತಿಲ್ಲವೆಂದು ಯಾರು ತಾನೇ ಹೇಳುತ್ತಾರೆ? ತಿಳಿಯಿತು, ಆದರೂ ಸಂಕಟವಾಯಿತು.

ಹಿಂದಿನ ಸೀಟಿನಲ್ಲಿ ಅವಳು ಯಾರಿಗೋ ಸಾಫ್ಟ್‌ವೇರಿನ ಹೊಸ ವರ್ಷನ್ ಬಗ್ಗೆ ಹೇಳಿಕೊಡುತ್ತಿದ್ದಳು. ನನಗೂ ಅದು ಗೊತ್ತಿರಲಿಲ್ಲ. ಬಿಂಕ ಬಿಟ್ಟು ಎದ್ದು, ಕಂಬಿ ಹಿಡಿದುಕೊಂಡು ಅವರ ಬಳಿಗೆ ಹೋದೆ. ಎಲ್ಲರೂ ಸರಿದು ಜಾಗ ಕೊಟ್ಟರು. ಪಾಠ ಮಾತ್ರ ಅಲ್ಲಿಗೇ ನಿಂತುಹೋಯಿತು.