ಕೋಡಿ ಹೋದ ವರ್ಷ

ರಾಯದುರ್ಗದ ಹತ್ತಿರದ ಆ ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ ಹುಕುಮೆಲ್ಲ ಮದರಾಸಿನಿಂದ ಬರುತ್ತಿದ್ದ ಕಾಲ. ನೀರು ಮಾತ್ರ ನಮ್ಮ ತಲೆಯ ಮೇಲೇ ಬರಬೇಕಿತ್ತು. ಸಿಹಿನೀರಿನ ಬಾವಿ ಕೆರೆ ಏರಿಯ ಕೆಳಗಿತ್ತು. ಮಳೆಯ ನೀರು ಕೆರೆಯಲ್ಲಿ ನಿಂತು, ನೆಲದೊಳಗೆ ಇಳಿದು, ಬಾವಿಯ ಸೆಲೆಗೆ ಬರಬೇಕು. ಕೆರೆ ಬರಿದಾದರೆ ಯುಗಾದಿಗೆ ಮೊದಲೇ ಬಾವಿಯೂ ಬರಿದು. ಆಮೇಲೆ ಹಗರಿ ಹೊಳೆಗೆ ನಡೆದು, ಮರಳು ತೋಡಿ, ಒರತೆಯ ನೀರನ್ನು ಚಿಪ್ಪಿನಲ್ಲಿ ಮೊಗೆದು ಹೊತ್ತು ತರಬೇಕು. ಹೊರುವವರು ಯಾರು? ನಾವು ಹೆಂಗಸರೇ!

ಆ ವರ್ಷ ಹಿಂಗಾರು ಭರ್ಜರಿಯಾಗಿ ಹೊಡೆದು ಕೆರೆ ತುಂಬಿತು. ನಾನು ಎರಡನೆಯ ಬಸುರಿ. ಈ ಸಲ ತವರಿಗೆ ಕಳಿಸುವ ಮಾತಿರಲಿಲ್ಲ. ಹೊಟ್ಟೆ ಹೊತ್ತುಕೊಂಡು ಹೊಳೆಗೆ ಹೋಗುವುದಾದರೂ ತಪ್ಪಿತಲ್ಲ ಎಂದು ದೇವರಿಗೆ ಕೈಮುಗಿದೆ.

ಹೆಚ್ಚಿನ ನೀರು ಹೊರಗೆ ಹರಿಯಲಿ ಎಂದು ಕಟ್ಟಿದ ಕಲ್ಲುಕಟ್ಟೆಗೆ ನಮ್ಮಲ್ಲಿ ಕೋಡಿ ಎನ್ನುತ್ತಾರೆ. ಒಂದು ಬೆಳಿಗ್ಗೆ ನೋಡಿದರೆ ಅದರ ಕಲ್ಲುಗಳು ಜಾರುತ್ತಿದ್ದವು. ಗಂಡಸರೆಲ್ಲ ಏರಿಯ ಮೇಲೆ ಬೀಡಿ ಸೇದುತ್ತ ನಿಂತಿದ್ದರು.

"ಗೋಣಿಚೀಲಕ್ಕ ಮಣ್ಣು ತುಂಬಿ ಒಗೀರಿ ಮಾವಾರ, ನಾವೂ ಬುಟ್ಟಿ ಹೊರ್ತೀವಿ" ಎಂದೆ.

"ಅದು ಸರ್ಕಾರದ ಕಲ್ಲು. ಅಪ್ಪಣೆ ಇಲ್ದ ಮುಟ್ಟಿದ್ರ ಕೈಗೆ ಕೋಳ ಬೀಳ್ತಾವ. ನೀ ಒಳಗ ನಡಿ" ಎಂದರು ಮಾವ.

ಅಪ್ಪಣೆ ತರಲು ಗಾಡಿ ಕಟ್ಟಿಕೊಂಡು ರಾಯದುರ್ಗದ ಸರ್ಕಾರಿ ಬಂಗಲೆಗೆ ಹೋದರು. ಜೊತೆಗೆ ನನ್ನ ಗಂಡ, ಊರಿನ ನಾಲ್ಕಾರು ಜನ. ಅಲ್ಲಿದ್ದ, ಕೆರೆಗಳ ಉಸ್ತುವಾರಿಯ ಓವರ್ಸೀರು ಸಮುದ್ರದ ಕಡೆಯ ತೆಲುಗಿನವನು, ಹೊಸಬ. ಮಾವನಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ಕೆರೆಯ ಮಾತು ಬಂದಾಗ ನಾಲಿಗೆಗೆ ಊರಿನ ಪದವೇ ಬಂತು. "ಕೋಡಿ ಪೋತಾಂದಿ ಸಾಮೀ!" ಎಂದರಂತೆ. ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ. ಕೋಳಿ ಹೋಗ್ತಾ ಇದೆ ಎಂದು ಇಷ್ಟು ಜನ ಗಾಡಿ ಕಟ್ಟಿಕೊಂಡು ಬಂದಿದ್ದಾರೆಂದು ಅವನು ರೇಗಿದ. "ಕೋಡಿ ಪೋತೇ ನಾಕೇಮಯ್ಯಾ?", ಹೋದರೆ ನನಗೇನು ಎಂದು ಗದರಿಸಿ, ಕೋಳಿ ಕಳುವಾದರೆ ಪೊಲೀಸರಿಗೆ ಹೇಳಿ ಎಂದು ಅಟ್ಟಿದ. ಇವರು ಕೈಮುಗಿದು ಮೆಟ್ಟಿಲಿಳಿದು ಬಂದರು.

ಇದನ್ನು ಸಂಜೆ ನನ್ನ ಗಂಡನೇ ಹೇಳಿದ, ಹೊಟ್ಟೆ ಹಿಡಿದುಕೊಂಡು ನಗುತ್ತ. ಎಡವಟ್ಟು ಏನೆಂದು ಅರ್ಧ ದಾರಿಯಲ್ಲೇ ಹೊಳೆದಿತ್ತಂತೆ.

"ಮತ್ತ ಗಾಡಿ ಯಾಕ ತಿರುಗಿಸ್ಲಿಲ್ಲ?"

"ಮತ್ತ ಹೋದ್ರ ನಗ್ತಾನ ಅಂತ ಅಪ್ಪ ಬ್ಯಾಡಂದ."

"ಎಲ್ರೂ ಬಾಯಾಗ ಕಡುಬು ತುರುಕ್ಕೊಂಡಿದ್ರೇನು?" ಎಂದು ಕಿರುಚಿದೆ. ಅಷ್ಟು ಹೊತ್ತಿಗೆ ಕೋಡಿ ಕಿತ್ತುಹೋಗಿ ಕೆರೆಯ ನೀರು ಹಳ್ಳಕ್ಕೆ ನುಗ್ಗುವ ಸದ್ದು ಮನೆಗೇ ಕೇಳುತ್ತಿತ್ತು. ಕೆರೆಯಲ್ಲಿ ಉಳಿದದ್ದು ಎಮ್ಮೆ ಹೊರಳಾಡುವಷ್ಟು ಕೆಸರು. ಜಗಲಿಗಳ ಮೇಲೆ ಮಾತ್ರ ಕೋಳಿಯ ಕಥೆ ಹಬ್ಬಿತು. ಗಂಡಸರು ತೊಡೆ ತಟ್ಟಿಕೊಂಡು ನಗುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು, ಥೂ!

ಬಾವಿ ಬತ್ತಿತು. ತುಂಬು ಬಸುರಿ ನಾನು, ಬಿಸಿಲೇರುವ ಮೊದಲೇ ಹೊಳೆಗೆ ಹೊರಡುತ್ತಿದ್ದೆ. ಬಗ್ಗಿ ಮೊಗೆಯಲು ಆಗದೆ, ಮರಳಿನಲ್ಲಿ ಮಂಡಿಯೂರಿ ಕೂತು ಕೊಡ ತುಂಬಿಸುತ್ತಿದ್ದೆ. ಬರುವಾಗ ದಾರಿಯಲ್ಲಿ ಹೊಟ್ಟೆ ಕಲ್ಲಾಗಿ ಬಿಗಿದುಕೊಳ್ಳುತ್ತಿತ್ತು. ಕೊಡ ಇಳಿಸಿಕೊಡುವವರಿಲ್ಲದೆ ಹಾಗೇ ನಿಂತು, ನೋವು ಸರಿದ ಮೇಲೆ ನಡೆಯುತ್ತಿದ್ದೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆ ಸುಡುಬೇಸಿಗೆಯಲ್ಲಿ ಓವರ್ಸೀರು ಕೋಡಿಯ ಅಳತೆ ತೆಗೆಯಲು ಬಂದ. ಕೆಲಸ ಮುಗಿಸಿ ನಮ್ಮ ಜಗಲಿಯ ಮೇಲೆ ಕೂತ. ಮಾವ, ನನ್ನ ಗಂಡ, ಊರಿನ ಹಿರಿಯರು, ಎಲ್ಲರೂ ಇದ್ದರು. ಕೋಳಿಯ ಮಾತು ಬಂತು, ಅವನೂ ನಕ್ಕ. ನಕ್ಕು ಬಾಯಾರಿ ನೀರು ಕೇಳಿದ.

"ಒಂದು ಚೊಂಬು ನೀರು ತಾ" ಎಂದು ಮಾವ ಒಳಗೆ ಕೂಗಿದರು.

ನಾನು ಬಾಗಿಲಿಗೆ ಬಂದೆ. "ಇಲ್ರಿ" ಎಂದೆ.

ಬಾಯಾರಿದವರಿಗೆ ನೀರಿಲ್ಲ ಎನ್ನುವ ಮನೆ ನಮ್ಮಲ್ಲಿ ಇರಲಿಲ್ಲ. ಅತ್ತೆ ಒಳಗಿನಿಂದ ನನ್ನ ಸೆರಗು ಜಗ್ಗಿದರು. ಮಾವನ ಮುಖ ಕೆಂಪಗಾಯಿತು.

"ಕೊಡ ತುಂಬಿ ಇಟ್ಟೈತಲ್ಲ, ನಾನೇ ನೋಡೀನಿ!"

"ಐತ್ರಿ ಮಾವಾರ. ಅದು ನಾ ಹೊತ್ತು ತಂದದ್ದು" ಎಂದೆ. "ನೀವು ತಂದದ್ದು ಇದ್ರ ಕೊಡ್ರಿ."