ಬೈದರೂ ಲೆಕ್ಕಕ್ಕೆ ಬರುತ್ತದೆ

ನನ್ನ ತಂಗಿ ರಕ್ತದ ಕಾಯಿಲೆಗಳ ಸಂಶೋಧಕಿ. ಐವತ್ತು ದಾಟಿದರೂ ನಡೆಯುವ ಬದಲು ಓಡುತ್ತಾಳೆ. ಗಂಭೀರ ಸಭೆಗಳಲ್ಲಿ ಮೂಗು ಹಿಡಿದು ನಗು ತಡೆಯುತ್ತಾಳೆ. ಇಂಥವಳಿಗೆ ಆಸ್ಪತ್ರೆಯವರು ಪ್ರಯೋಗಾಲಯವನ್ನು ಹೇಗೆ ಒಪ್ಪಿಸಿದರೋ ನನಗೆ ಅರ್ಥವಾಗಿಲ್ಲ.

ತರುಣಿಯಾಗಿದ್ದಾಗ ಅವಳು ಒಂದು ವಿಷಯ ಗಮನಿಸಿದಳು. ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್ ಕಣಗಳು ಸಾಕಷ್ಟಿದ್ದರೂ, ಟ್ಯೂಬಿಗೆ ಬಿದ್ದ ಮೇಲೆ ಒಂದಕ್ಕೊಂದು ಅಂಟಿಕೊಂಡು ಯಂತ್ರದ ಎಣಿಕೆಗೆ ಸಿಗುವುದಿಲ್ಲ. ಯಂತ್ರ ಕಡಿಮೆ ಎನ್ನುತ್ತದೆ, ಮನೆಮಂದಿ ಕಂಗಾಲಾಗುತ್ತಾರೆ. ಟ್ಯೂಬನ್ನು ಮೈಬಿಸಿಯಲ್ಲಿಟ್ಟರೆ ಕಣಗಳು ಬಿಡಿಬಿಡಿಯಾಗುತ್ತವೆ ಎಂಬುದು ಅವಳ ವಾದ. ಬಿಸಿ ಮಾಡುವ ಪೆಟ್ಟಿಗೆ ಕೆಟ್ಟಿದ್ದರಿಂದ ವಾರ್ಡಿನಿಂದ ಟ್ಯೂಬುಗಳನ್ನು ಕಂಕುಳಲ್ಲಿಟ್ಟುಕೊಂಡೇ ಓಡಿಬರುತ್ತಿದ್ದಳು. ಅದನ್ನೂ ಮುಚ್ಚಿಡದೆ ಪ್ರಬಂಧದಲ್ಲಿ ಬರೆದಳು. ಎದುರು ಕೋಣೆಯ ಪ್ರೊಫೆಸರರು ಅಂದಿನಿಂದ ಅದನ್ನು 'ಕಂಕುಳ ವಿಜ್ಞಾನ' ಎಂದೇ ಕರೆದರು.

ಈಚೆಗೆ ಅವಳ ಪ್ರೊಫೆಸರ್ ಹುದ್ದೆಯ ಮಾತು ಬಂತು. ಸಿಗದಿದ್ದರೆ ಪ್ರಯೋಗಾಲಯ ಬೇರೆಯವರ ಪಾಲು. ನಿಯಮ ಸರಳ: ಇಪ್ಪತ್ತು ಪ್ರಬಂಧಗಳಿರಬೇಕು, ಒಂದೊಂದನ್ನೂ ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಕನಿಷ್ಠ ಇಪ್ಪತ್ತು ಸಲ ಉಲ್ಲೇಖಿಸಿರಬೇಕು. ಹತ್ತೊಂಬತ್ತು ಗಡಿ ದಾಟಿದ್ದವು. ಕಂಕುಳ ಪ್ರಬಂಧ ಮಾತ್ರ ಇನ್ನೊಂದೇ ಉಲ್ಲೇಖಕ್ಕಾಗಿ ಬಾಯಿಬಿಟ್ಟುಕೊಂಡು ಕೂತಿತ್ತು. ಗಡುವಿಗೆ ಒಂದು ವರ್ಷವಿತ್ತು.

"ನೀನೇ ಎಲ್ಲಾದ್ರೂ ಬರ್ಕೊಂಡ್ಬಿಡೇ," ಎಂದ ಅವಳ ಗಂಡ. ಅವನದು ಕನ್ನಡಕದ ಅಂಗಡಿ.

"ನಮ್ಮನ್ನ ನಾವೇ ಹೊಗಳ್ಕೊಂಡ್ರೆ ಲೆಕ್ಕಕ್ಕಿಲ್ಲ ಕಣ್ರೀ."

"ಬೇರೆಯವರು ಬೈದ್ರೆ?"

ತಂಗಿ ಕೈಲಿದ್ದ ಲೋಟ ಕೆಳಗಿಟ್ಟಳು. "ಲೆಕ್ಕಕ್ಕಿದೆ!" ಎಂದು ಕಿರುಚಿ ಆ ಬಡಪಾಯಿಯ ಎರಡೂ ಕೆನ್ನೆ ಹಿಂಡಿದಳು. ಉಲ್ಲೇಖ ಎಣಿಸುವ ಕಂಪ್ಯೂಟರಿಗೆ ಹೊಗಳಿಕೆಯೂ ಒಂದೇ, ಉಗಿತವೂ ಒಂದೇ.

ಮರುದಿನ ಪಡಸಾಲೆಯಲ್ಲಿ ಪ್ರೊಫೆಸರರನ್ನು ಅಡ್ಡಗಟ್ಟಿದಳು.

"ಸಾರ್, ನನ್ನ ಪ್ರಬಂಧ ಸುಳ್ಳು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ, ಬರವಣಿಗೇಲಿ ಹೇಳೋ ಧೈರ್ಯ ಇದೆಯಾ?"

"ಧೈರ್ಯಾನಾ? ನಿಮ್ಮ ಮಾನ ಹರಾಜು ಹಾಕ್ತೀನಿ ನೋಡ್ತಿರಿ!"

"ಹಾಕಿ ಸಾರ್. ನನ್ನ ಪ್ರಬಂಧದ ವರ್ಷ, ಪುಟ ಎಲ್ಲಾ ಸರಿಯಾಗಿ ಹಾಕಿ."

ಮನುಷ್ಯ ಹಟಮಾರಿ, ಆದರೆ ಕೆಲಸಗಳ್ಳನಲ್ಲ. ತಿಂಗಳುಗಟ್ಟಲೆ ತಮ್ಮದೇ ಕಂಕುಳಲ್ಲಿ ಟ್ಯೂಬು ಸಿಕ್ಕಿಸಿಕೊಂಡು, ತೋಳು ಅಲುಗಿಸದೆ ವಾರ್ಡಿಗೂ ಪ್ರಯೋಗಾಲಯಕ್ಕೂ ಓಡಾಡಿದರು. ನರ್ಸುಗಳು ಗೋಡೆ ಕಡೆ ಮುಖ ಮಾಡಿ ನಕ್ಕರು. ಗಡುವಿಗೆ ಸ್ವಲ್ಪ ಮುಂಚೆ ಅವರ ಪ್ರಬಂಧ ಪ್ರಕಟವಾಯಿತು.

"ಅಕ್ಕಾ, ಬೈದ್ರು ಕಣೇ! ಎಷ್ಟು ಚೆನ್ನಾಗಿ ಬೈದಿದಾರೆ ಗೊತ್ತಾ!"

ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ.

ತಮ್ಮ ಬೈಗುಳವೇ ಅವಳ ಇಪ್ಪತ್ತನೆಯ ಉಲ್ಲೇಖವಾಯಿತೆಂದು ಪ್ರೊಫೆಸರರಿಗೆ ತಡವಾಗಿ ಹೊಳೆಯಿತು. ಕೆಂಡವಾಗಿ ಅವಳ ಕೋಣೆಗೆ ನುಗ್ಗಿದರು. "ಇದು ಮೋಸ! ನನ್ನ ಪ್ರಬಂಧ ವಾಪಸ್ ತಗೋತೀನಿ."

"ತಗೊಳ್ಳಿ ಸಾರ್. ನಿಮ್ಮ ಪ್ರಬಂಧಗಳ ಪಟ್ಟೀಲೂ ಒಂದು ಕಮ್ಮಿ ಆಗುತ್ತೆ, ಅಷ್ಟೆ."

ಅವರು ಬಾಗಿಲು ಬಡಿದು ಹೋದರು. ವಾಪಸ್ ಪಡೆಯಲಿಲ್ಲ.

ಸಂದರ್ಶನದಲ್ಲಿ ಸಮಿತಿಯ ಅಧ್ಯಕ್ಷರು ನೇರವಾಗಿಯೇ ಕೇಳಿದರು: "ಈ ಟೀಕೆ ಸರೀನಾ?"

"ಅರ್ಧ ಸರಿ ಸಾರ್. ಎಲ್ಲರ ಕಣಗಳೂ ಬಿಸಿಗೆ ಬಿಡಿಯಾಗುತ್ತವೆ ಅಂತ ನಾನು ಬರೆದಿದ್ದು ತಪ್ಪು. ಆದ್ರೆ ಕೆಲವರದ್ದು ಬಿಡಿಯಾಗುತ್ತೆ. ಅದು ಪ್ರೊಫೆಸರರದೇ ಕೋಷ್ಟಕದಲ್ಲಿದೆ, ನೋಡಿ."

ಸಮಿತಿಯವರು ಪುಟ ತಿರುವಿ ನೋಡಿದರು. ಅಲ್ಲಿ ಅದು ಇತ್ತು. ಅವಳು ಮೂಗು ಹಿಡಿದುಕೊಂಡಳಂತೆ, ಆದರೂ ನಗು ಹೊರಬಿತ್ತಂತೆ. ಅಧ್ಯಕ್ಷರೂ ನಕ್ಕರಂತೆ. ಅದನ್ನು ನಾನು ನಂಬುವುದಿಲ್ಲ.

ನೇಮಕದ ಆದೇಶ ಕೈಸೇರಿದಾಗ ಅವಳು ಮೊದಲು ಓಡಿದ್ದು ಗಂಡನ ಅಂಗಡಿಗಲ್ಲ, ಎದುರು ಕೋಣೆಗೆ.

"ಇನ್ಮೇಲೆ ನಿಮ್ಮ ಬಗ್ಗೆ ಒಂದಕ್ಷರ ಬರೆದ್ರೆ ಕೇಳಿ," ಎಂದು ಪ್ರೊಫೆಸರರು ತಲೆ ಎತ್ತದೆ ಹೇಳಿದರು.

"ಬೇಡ ಸಾರ್, ಈಗ ನನ್ನ ಸರದಿ. ನೀವು ಬರೆದಿದ್ರಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ನಾನು ಬರೀತೀನಿ."

ಅವರು ಪೆನ್ನು ಕೆಳಗಿಟ್ಟರು. ಬಾಗಿಲಾಚೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಯಾವ ಜರ್ನಲ್‌ನಲ್ಲಿ?"