ಮಾವನವರ ಪಾಸ್‌ವರ್ಡ್

ಹಂಚಿಕೊಳ್ಳುವುದೆಂದರೆ ಕಡಿಮೆಯಾಗುವುದು ಎಂದೇ ತಿಳಿದವಳು ನಾನು. ಹೋಳಿಗೆ ಹಂಚಿದರೆ ಹೋಳಿಗೆ ಕಡಿಮೆ, ಗೋಡೆ ಹಂಚಿಕೊಂಡರೆ ನಿದ್ದೆ ಕಡಿಮೆ. ಸದಾಶಿವ ಪೇಠದ ನಮ್ಮ ಫ್ಲ್ಯಾಟಿಗೆ ತಗುಲಿದ ಕೋಚಿಂಗ್ ಕ್ಲಾಸಿನಿಂದ ತ್ರಿಕೋನಮಿತಿ ನನಗೂ ಅರ್ಧ ಬಾಯಿಪಾಠವಾಗಿದೆ. ಕಂಪ್ಯೂಟರಿನಲ್ಲಿ ಮಾತ್ರ ಹಂಚಿದ್ದು ಇದ್ದಲ್ಲೇ ಇದ್ದು ಇನ್ನೊಂದು ಕಡೆಯೂ ಸಿಗುತ್ತದಂತೆ. ಇದನ್ನು ನಂಬಿ ಒಂದು ಭಾನುವಾರ, ಶಾಲೆಯವರು ನನಗೆ ಕೊಟ್ಟಿರುವ ಲ್ಯಾಪ್‌ಟಾಪನ್ನು ಮನೆಯ ಹಳೆಯ ಕಂಪ್ಯೂಟರಿಗೆ ಜೋಡಿಸಲು ಕೂತೆ. ಭಾನುವಾರವೇ ಎಂದು ಆಣೆ ಮಾಡಲಾರೆ. ಎಲ್ಲವನ್ನೂ ರಜೆಯ ದಿನಕ್ಕೆ ಸರಿಸುವ ಚಟ ನನ್ನ ನೆನಪಿಗಿದೆ.

ಆ ಕಂಪ್ಯೂಟರ್ ಮಾವನವರದು. ಖಡಕಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮೈಕಿನ ಮುಂದೆ ಕೂತು ದಾಸರ ಪದ ಹಾಡಿ ಅದರಲ್ಲಿ ತುಂಬಿಸಿಟ್ಟಿದ್ದರು. ಈಗ ಅವರಿಲ್ಲ. ಯಂತ್ರವೂ ಹೋಗುವ ಹಾದಿಯಲ್ಲಿತ್ತು. ಚಾಲೂ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಅತ್ತೆಗೆ ಆ ದನಿ ಬೇಕಿತ್ತು.

"ಶ್ರುತಿ ಎಲ್ಲೋ, ಅವರ ಹಾಡೆಲ್ಲೋ. ಆದ್ರೂ ತಗದಿಡವಾ," ಎಂದಿದ್ದರು.

ಪೆನ್ ಡ್ರೈವನ್ನು ಶಾಲೆಯ ಲ್ಯಾಪ್‌ಟಾಪ್ ಮುಟ್ಟಿಸಿಕೊಳ್ಳುವುದಿಲ್ಲ. ಅದರ ಮಡಿ ನಮ್ಮಜ್ಜಿಯ ಮಡಿಗಿಂತ ಬಿಗಿ. ಉಳಿದದ್ದು ಮನೆಯ ವೈಫೈ ಒಂದೇ. ಹಾಡಿನ ಫೋಲ್ಡರನ್ನು ಹಂಚಿದೆ. ಲ್ಯಾಪ್‌ಟಾಪಿನಲ್ಲಿ ಹಳೆಯ ಕಂಪ್ಯೂಟರ್ ಕಾಣಿಸಿತು, ಒತ್ತಿದರೆ ಪಾಸ್‌ವರ್ಡ್ ಕೇಳಿತು. ಹಳೆಯದನ್ನು ಚಾಲೂ ಮಾಡುವಾಗ ಅದು ಎಂದೂ ನಮ್ಮನ್ನು ಪಾಸ್‌ವರ್ಡ್ ಕೇಳಿದ್ದಿಲ್ಲ. ಗಂಡ ಪಕ್ಕದಲ್ಲಿ ಕೂತು ಮನೆದೇವರಿಂದ ಹಿಡಿದು ಸ್ಕೂಟರ್ ನಂಬರಿನ ತನಕ ಹೇಳಿದ. ಯಾವುದೂ ನಡೆಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ತುಂಗಾ ಅಂತ ಬರದು ನೋಡು," ಎಂದರು.

ನಮಗೆ ಗೊತ್ತಿದ್ದ ಅವರ ಹೆಸರು ಸುನಂದಾ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿದೆ. ತವರಿನ ಹೆಸರು ಆ ಅಕ್ಕಿಯ ಕೆಳಗೆ ಹೋಗುತ್ತದೆ. ನಾನು ಭೂಗೋಳ ಕಲಿಸುವವಳು; ಊರಿನ ಹೆಸರು ಬದಲಾದರೆ ನಕಾಶೆಯಲ್ಲಿ ಹಳೆಯದನ್ನು ಕಂಸದೊಳಗಾದರೂ ಇಡುತ್ತೇವೆ. ಹೆಂಗಸರಿಗೆ ಆ ಕಂಸವೂ ಇಲ್ಲ.

ಬರೆದೆ. ಇಲ್ಲಿ ಬಾಗಿಲು ತೆರೆಯಬೇಕು, ಅತ್ತೆಯ ಕಣ್ಣು ತುಂಬಬೇಕು. ಕಥೆಗಳು ಹಾಗೇ ಬಯಸುತ್ತವೆ. ಪರದೆ ತಪ್ಪು ಎಂದಿತು.

"ಹೋಗ್ಲಿ ಬಿಡು. ಸುಮ್ನ ಅನಸ್ತು," ಎಂದು ಅತ್ತೆ ಒಳಗೆ ಹೋದರು. ಆಗಲೇ ಕುಕ್ಕರ್ ಕೂಗಿತೋ, ಈಗ ನಾನು ಕೂಗಿಸುತ್ತಿದ್ದೇನೋ ತಿಳಿಯದು.

ಕಾರಣ ಆಮೇಲೆ ತಿಳಿಯಿತು. ಮಾವನವರು ಪಾಸ್‌ವರ್ಡನ್ನೇ ಇಟ್ಟಿರಲಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಯ ಮೂಲಕ ಬೇರೆ ಯಂತ್ರದಿಂದ ಬಂದವರನ್ನು ಕಂಪ್ಯೂಟರ್ ಒಳಗೆ ಬಿಡುವುದಿಲ್ಲವಂತೆ. ಬೀಗವೇ ಇಲ್ಲದ ಮನೆಗೆ ಕೀಲಿಕೈ ಹುಡುಕುತ್ತಿದ್ದೆವು. ಈಗ ಹೊಸದೊಂದು ಇಡಬೇಕು, ಏನಿಡಲಿ ಎಂದು ಅಡುಗೆಮನೆಗೆ ಹೋಗಿ ಕೇಳಿದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಕೈ ಒರೆಸಿಕೊಂಡು ಬಂದು, ಒಂದೊಂದೇ ಅಕ್ಷರ ಹುಡುಕಿ ತಾವೇ ಒತ್ತಿದರು. ಪರದೆಯ ಮೇಲೆ ಹೆಸರು ಮೂಡಲಿಲ್ಲ, ಅಕ್ಕಿಕಾಳಿನಂಥ ಚುಕ್ಕೆಗಳು ಮೂಡಿದವು. ಲ್ಯಾಪ್‌ಟಾಪಿನಲ್ಲೂ ಅವರೇ ಒತ್ತಿದರು. ತೆರೆಯಿತು.

ಮೊದಲ ಹಾಡಿನ ನಡುವೆ ಕೆಮ್ಮು; ಹಿಂದೆ ಎಲ್ಲೋ ಪಾತ್ರೆ ಬಿದ್ದ ಸದ್ದು. ಮಾವನವರು ಹಾಡು ನಿಲ್ಲಿಸಿ, "ಸುನಂದಾ, ಹಾಡ್ಲಿಕ್ಕತ್ತೀನಿ, ಸುಮ್ನಿರು," ಎಂದರು.

"ಸುಮ್ನ ಕೂತೀನಲ್ರೀ. ಹಾಡ್ರಿ," ಎಂದರು ಅತ್ತೆ, ಪರದೆಗೆ.

ಫೈಲುಗಳು ಕಂಡರೆ ಬಂದಂತಲ್ಲ. ಎಲ್ಲವನ್ನೂ ಈಚೆಗೆ ನಕಲು ಮಾಡಿಕೊಂಡೆ. ಹಳೆಯ ಯಂತ್ರ ಮತ್ತೆ ಚಾಲೂ ಆಗಲಿಲ್ಲ.

ಈಗ ನೆಂಟರು ಬಂದಾಗ ಗಂಡ ಇದನ್ನು ಹೇಳುತ್ತಾನೆ. ಅವನ ಕಥೆಯಲ್ಲಿ ಪಾಸ್‌ವರ್ಡ್ ಇಟ್ಟದ್ದು ಅಪ್ಪ. ಹೆಂಡತಿಯ ತವರಿನ ಹೆಸರನ್ನು, ಯಾರಿಗೂ ಹೇಳದೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಹಾಗೇ ನೆನಪಿದೆ. ಅಂದು ನನ್ನ ಪಕ್ಕದಲ್ಲೇ ಕೂತಿದ್ದವನು. ಒಮ್ಮೆ ತಿದ್ದಲು ಬಾಯಿ ತೆರೆದೆ. ಅತ್ತೆ ಚಕ್ಕಲಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ನೆಂಟರು ಹೋದ ಮೇಲೆ, ತಟ್ಟೆ ಎತ್ತುತ್ತ, "ಇರ್ಲಿ ಬಿಡವಾ," ಎಂದರು. "ಆ ಹೆಸರು ಇಡಬಹುದಿತ್ತಲ್ಲ ಅವರು."